ಅಡಿಟಿಪ್ಪಣಿಯ ಕೊನೆಯ ಸಾಲು

ಲ್ಯಾಪ್‌ಟಾಪಿನಲ್ಲಿ ಮುನ್ನೋಟದ ಕಿಟಕಿ ತೆರೆದುಕೊಂಡಾಗ ಶರ್ವರಿ ಮೊದಲು ತನ್ನ ಕಣ್ಣನ್ನೇ ಅನುಮಾನಿಸಿದಳು.

‘ಲೀಲಾಬಾಯಿಗೆ ಬಾಣಂತಿ ಜ್ವರ ಬಂದಿತ್ತು. ಜ್ವರ ನೆತ್ತಿಗೇರಿ ತೀರಿಕೊಂಡರು. ಹೇಳಿದವರು: ಶಟ್ಟೆವ್ವ, ಸೂಲಗಿತ್ತಿ, ಸಿರಸಂಗಿ.’

ಶಟ್ಟೆವ್ವ ಹೀಗೆ ಹೇಳಿರಲಿಲ್ಲ. ಸಿರಸಂಗಿಯ ತನ್ನ ಮನೆಯ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಎಲೆಗೆ ಸುಣ್ಣ ಹಚ್ಚುತ್ತ, “ಜ್ವರಾ? ಯಾರ ಹೇಳಿದ್ರ ನಿನಗ? ನನ್ನ ಕೈಯಾಗ ಒಬ್ಬ ಬಾಣಂತಿಗೂ ಜ್ವರ ಬಂದಿಲ್ಲ ತಂಗಿ” ಎಂದು ಆ ಮುದುಕಿ ಸಿಡುಕಿದ್ದು ಶರ್ವರಿಯ ಕಿವಿಯಲ್ಲಿ ಇನ್ನೂ ಇತ್ತು. ದನಿ ರೆಕಾರ್ಡ್ ಮಾಡಲು ಶಟ್ಟೆವ್ವ ಬಿಟ್ಟಿರಲಿಲ್ಲ. ಅವಳು ಹೇಳಿದ್ದನ್ನು ಶರ್ವರಿ ಅಲ್ಲೇ ಕೂತು ಲ್ಯಾಪ್‌ಟಾಪಿಗೆ ಏರಿಸಿದ್ದಳು.

ಈಗ ಮತ್ತೊಮ್ಮೆ ಕೇಳೋಣವೆಂದರೆ ಶಟ್ಟೆವ್ವ ಇಲ್ಲ. ಕಳೆದ ವಾರ ಮಾಳಿಗೆಯ ಏಣಿಯಿಂದ ಬಿದ್ದು ಸತ್ತಿದ್ದಳು. ಎಂಬತ್ತು ದಾಟಿದವಳು ಏಣಿ ಹತ್ತಿದ್ದಾದರೂ ಯಾಕೆ ಎಂದು ಊರವರು ಒಂದೆರಡು ದಿನ ಆಡಿಕೊಂಡು ಸುಮ್ಮನಾಗಿದ್ದರು.

ಶರ್ವರಿ ಉಲ್ಲೇಖದ ಬುಡಕ್ಕೆ ನೋಡಿದಳು. ಕೊನೆಯ ಬದಲಾವಣೆ: ನಿನ್ನೆ.

ಸತ್ತವಳ ಬಾಯಲ್ಲಿ ಯಾರೋ ಹೊಸ ಮಾತು ಇಟ್ಟಿದ್ದರು.

ಕೆಳಗಿನ ಹತ್ತಿಕಾಳಿನ ಅಂಗಡಿಯಲ್ಲಿ ಚೀಲ ಎತ್ತಿ ಹಾಕುವ ಸದ್ದು ಕೇಳುತ್ತಿತ್ತು. ಬೈಲಹೊಂಗಲದ ಪೇಟೆ ಎಂದಿನಂತೆ ಗಲಗಲ ಎನ್ನುತ್ತಿತ್ತು. ಮೇಲಿನ ಕೋಣೆಯಲ್ಲಿ ಶರ್ವರಿ ಒಬ್ಬಳೇ ಎದ್ದು, ಬಾಗಿಲ ಚಿಲಕ ಹಾಕಿ ಬಂದು ಕೂತಳು. ಹಗಲಿನಲ್ಲಿ ಅವಳೆಂದೂ ಚಿಲಕ ಹಾಕಿದವಳಲ್ಲ.

ಮನೆತನಗಳ ವಂಶಾವಳಿಯನ್ನು ಕಂಪ್ಯೂಟರಿನಲ್ಲಿ ಕಟ್ಟಿಕೊಡುವುದು ಅವಳ ಉದ್ಯೋಗ. ಧಾರವಾಡದಲ್ಲಿ ಇತಿಹಾಸ ಓದಿ ಬಂದವಳು. ಆಧಾರವಿಲ್ಲದೆ ಒಂದು ಹೆಸರನ್ನೂ ವಂಶದ ಮರಕ್ಕೆ ಸೇರಿಸುವುದಿಲ್ಲ ಎಂಬುದು ಅವಳ ಹಟ. ಪ್ರತಿ ಹುಟ್ಟಿನ ಕೆಳಗೆ, ಪ್ರತಿ ಸಾವಿನ ಕೆಳಗೆ ಒಂದು ಉಲ್ಲೇಖ ಇರಲೇಬೇಕು. ಇದನ್ನು ಹೇಳಿದವರು ಯಾರು, ಯಾವ ಊರು, ಯಾವ ಓಣಿ, ಅವರ ಮಾತಿಗೆ ಎಷ್ಟು ತೂಕ, ಎಲ್ಲವೂ ಅಲ್ಲಿ ಬರಬೇಕು. ಉಲ್ಲೇಖವನ್ನು ಒತ್ತಿದರೆ, ನಾಳೆ ಅಚ್ಚಾದಾಗ ಅಡಿಟಿಪ್ಪಣಿ ಹೇಗೆ ಕಾಣುತ್ತದೆಂದು ತೋರಿಸುವ ಮುನ್ನೋಟ ತೆರೆದುಕೊಳ್ಳುತ್ತದೆ. ಅಚ್ಚಿಗೆ ಕೊಡುವ ಮೊದಲು ಎಲ್ಲ ಮುನ್ನೋಟಗಳನ್ನೂ ಕೊನೆಯ ಸಲ ನೋಡಿಬಿಡೋಣವೆಂದು ಅವಳು ಇವತ್ತು ಕೂತಿದ್ದಳು. ನೋಡದೇ ಕೊಟ್ಟಿದ್ದರೆ?

ಮರ ಸವದತ್ತಿಯ ಜೋಶಿ ಮನೆತನದ್ದು. ಕಟ್ಟಿಸುತ್ತಿದ್ದವನು ಅನಿಕೇತ. ಐವತ್ತು ವರ್ಷದ ಹಿಂದೆ ಒಂದು ಹೆಣ್ಣು ಹೆತ್ತು, ಬಾಣಂತಿಯಾಗಿದ್ದಾಗಲೇ ಮನೆತನದ ದೊಡ್ಡ ಮನೆಯಾದ ವಾಡೆಯಲ್ಲಿ ತೀರಿಕೊಂಡ ಲೀಲಾಬಾಯಿಯ ಮೊಮ್ಮಗ. ಈಗ ಇಲ್ಲದ ಆ ಹೆಣ್ಣಿನ ಮಗ. ವಾಡೆಯಲ್ಲಿ ತನಗೂ ಅರ್ಧ ಪಾಲಿದೆಯೆಂದು ಲೀಲಾಬಾಯಿಯ ಮೈದುನ ವೆಂಕಣ್ಣ ಜೋಶಿಯ ಮೇಲೆ ಅವನು ದಾವೆ ಹೂಡಿದ್ದ. ವಂಶಾವಳಿ ಅಡಿಟಿಪ್ಪಣಿ ಸಮೇತ ಕೋರ್ಟಿನ ಮುಂದೆ ಹೋಗುವುದಿತ್ತು.

ಲೀಲಾಬಾಯಿಯ ಸಾವಿನ ಕೆಳಗೆ ನಾಲ್ಕು ಉಲ್ಲೇಖಗಳಿದ್ದವು. ಜ್ವರವೆಂದು ಹೇಳಿದವರು ವೆಂಕಣ್ಣ ಒಬ್ಬರೇ. ಉಳಿದ ಮೂವರು ಅದನ್ನು ಒಪ್ಪಿರಲಿಲ್ಲ.

ಶರ್ವರಿ ಮುಂದಿನದನ್ನು ಒತ್ತಿದಳು.

‘ಬಾವಿಯ ಸಂಗತಿ ನನಗೆ ಗೊತ್ತಿಲ್ಲ. ಹೇಳಿದವರು: ಮುದಕಪ್ಪ, ರೈತ, ಎಂ.ಕೆ. ಹುಬ್ಬಳ್ಳಿ.’

ಮುದಕಪ್ಪ ಹೇಳಿದ್ದೇ ಬಾವಿಯ ಸಂಗತಿ. ಹರೆಯದಲ್ಲಿ ಅವನು ಜೋಶಿಯವರ ಹೊಲ ನೋಡಿಕೊಂಡು ವಾಡೆಯಲ್ಲೇ ಇದ್ದವನು. ಲೀಲಾಬಾಯಿಯ ಹೆಣವನ್ನು ಹಿತ್ತಲ ಬಾವಿಯಿಂದ ಎತ್ತಿದವನು ತಾನು, ಆಮೇಲೆ ಮಣ್ಣು ತುಂಬಿ ಆ ಬಾವಿ ಮುಚ್ಚಿದವನೂ ತಾನು ಎಂದು ಕಣ್ಣೀರು ಹಾಕಿ ಹೇಳಿದ್ದ.

ಕೊನೆಯ ಬದಲಾವಣೆ: ಇಂದು ಬೆಳಿಗ್ಗೆ.

ಶಟ್ಟೆವ್ವನ ಮಾತು ಬದಲಾದದ್ದು ಅವಳು ಸತ್ತ ಮೇಲೆ. ಮುದಕಪ್ಪ ಬದುಕಿದ್ದಾನೆ. ಬದುಕಿದ್ದಾನಲ್ಲ?

ಮುದಕಪ್ಪನ ಮಗ ಅರ್ಜುನನ ಫೋನು ಬಹಳ ಹೊತ್ತು ರಿಂಗಾಯಿತು.

“ಅರ್ಜುನ, ನಾ ಶರ್ವರಿ. ನಿಮ್ಮ ತಂದಿಯವರು ಎಲ್ಲಿದ್ದಾರ?”

“ಹೊಲಕ್ಕ ಹೋಗ್ಯಾನ್ರಿ ಬಾಯಾರ. ಕಬ್ಬ ಕಡ್ಯಾಕತ್ತಾರ, ಫ್ಯಾಕ್ಟರಿ ಟ್ರ್ಯಾಕ್ಟರ್ ಬಂದೈತಿ. ಯಾಕ್ರಿ?”

“ಈಗಿಂದೀಗ ಹೋಗಿ ಮನಿಗೆ ಕರಕೊಂಡ ಬರ್ರಿ. ಒಬ್ಬರನ್ನ ಬಿಡಬ್ಯಾಡ್ರಿ.”

“ಏನಾತ್ರಿ? ನಿನ್ನಿ ನಿಮ್ಮ ಕಡಿಯವರು ಬಂದಿದ್ರಂತಲ್ರಿ, ಹೇಳಿಕಿ ಇನ್ನೊಮ್ಮಿ ಬರಕೊಳ್ಳಾಕ. ಅಪ್ಪ ಹೇಳಾಕತ್ತಿದ್ದ.”

“ನಾ ಯಾರನ್ನೂ ಕಳಿಸಿಲ್ಲ.”

ಚಪ್ಪಲಿ ಮೆಟ್ಟುವ ಸದ್ದು, ಓಡುವ ಸದ್ದು, ಬೆನ್ನಟ್ಟಿ ಬೊಗಳುವ ನಾಯಿ. ಫೋನು ಕಟ್ ಮಾಡುವುದನ್ನೇ ಅರ್ಜುನ ಮರೆತಿದ್ದ. ಶರ್ವರಿ ಕಿವಿಗೆ ಒತ್ತಿಕೊಂಡು ಕೂತಳು. ಅವನ ಏದುಸಿರು ಕೇಳಿತು. ಕಬ್ಬಿನ ಒಣ ಎಲೆಯ ರವದಿ ಕಾಲಡಿ ಮುರಿಯುವುದು ಕೇಳಿತು. ಟ್ರ್ಯಾಕ್ಟರಿನ ಗುಡುಗು ಹತ್ತಿರವಾಗಿ ಮತ್ತೆ ದೂರವಾಯಿತು. ಆಮೇಲೆ ಎಲ್ಲೋ ಹೆಂಗಸರು ಒಮ್ಮೆಲೇ ಕೂಗಿಕೊಂಡರು.

“ಅಪ್ಪಾ! ಏ ಅಪ್ಪಾ!”

ಫೋನು ನೆಲಕ್ಕೆ ಬಿದ್ದಿರಬೇಕು, ಸದ್ದು ಅಲ್ಲಿಗೆ ನಿಂತಿತು.

ಅರ್ಜುನ ಮತ್ತೆ ಮಾತಾಡಿದ್ದು ಆಂಬುಲೆನ್ಸಿನಿಂದ, ಬೆಳಗಾವಿಯ ದಾರಿಯಲ್ಲಿ. ಕಬ್ಬಿನ ಸಾಲಿನ ನಡುವೆ ಅಪ್ಪ ಬೋರಲು ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಟ್ರಾಲಿಯ ಮೇಲಿಂದ ಕಬ್ಬಿನ ಹೊರೆ ಜಾರಿ ಬಡಿದಿರಬೇಕೆಂದು ಅಲ್ಲಿದ್ದವರು ಹೇಳಿದರಂತೆ.

“ಟ್ರಾಲಿ ನಿಂತದ್ದ ಹೊಲದ ಆ ಕಡಿ ಬದುವಿಗ್ರಿ. ಅಪ್ಪ ಬಿದ್ದದ್ದ ಈ ಕಡಿ,” ಎಂದ ಅರ್ಜುನ. “ಜೀಂವ ಐತಿ. ಮಾತಿಲ್ಲ.”

ಪೊಲೀಸರಿಗೆ ಫೋನು ಮಾಡಿದಾಗ ಅವರು ಸಾವಧಾನದಿಂದ ಕೇಳಿದರು, ಹೆಸರು ಬರೆದುಕೊಂಡರು. “ಕಂಪ್ಯೂಟರಿನ್ಯಾಗ ಅಕ್ಷರ ಬದಲಾದ್ರ ಕೊಲಿ ಅಂತ ಹ್ಯಾಂಗ ಹಿಡಿಯೋದ್ರಿ ಮೇಡಂ? ಬಂದು ಸವಿಸ್ತಾರ ಹೇಳ್ರಿ.” ಅವರದ್ದೂ ತಪ್ಪಲ್ಲ. ಗಟ್ಟಿಯಾಗಿ ಹೇಳಿದಾಗ ಅವಳ ಕಿವಿಗೇ ಅದು ಹುಚ್ಚು ಮಾತಿನಂತೆ ಕೇಳಿಸಿತ್ತು.

ಆದರೆ ಅಕ್ಷರ ಬದಲಿಸಿದವರು ಯಾರೆಂದು ತಂತ್ರಾಂಶ ಬರೆದಿಟ್ಟುಕೊಳ್ಳುತ್ತದೆ. ಈ ಮರವನ್ನು ತಿದ್ದಬಲ್ಲವರು ಮೂವರೇ. ಒಬ್ಬಳು ಅವಳು. ಒಬ್ಬ ಅನಿಕೇತ. ಮೂರನೆಯವಳು ವೆಂಕಣ್ಣನ ಮಗಳು ರಂಜನಾ. ‘ಅವರ ಕಡೆಯವರೂ ನೋಡಲಿ, ಆಮ್ಯಾಲ ತಕರಾರು ಬ್ಯಾಡ’ ಎಂದು ರಂಜನಾಗೂ ಖಾತೆ ಕೊಡಿಸಿದ್ದು ಅನಿಕೇತನೇ.

ಶರ್ವರಿ ಬದಲಾವಣೆಯ ದಾಖಲೆ ತೆರೆದಳು. ಎರಡರ ಮುಂದೆಯೂ ಒಂದೇ ಹೆಸರು. ರಂಜನಾ ಜೋಶಿ.

ರಂಜನಾ ಕಿತ್ತೂರಿನಲ್ಲಿ ಶಿಕ್ಷಕಿ. ಕಿತ್ತೂರಿನಿಂದ ಎಂ.ಕೆ. ಹುಬ್ಬಳ್ಳಿ ಎಷ್ಟು ದೂರ? ಹೆದ್ದಾರಿ ಹಿಡಿದರೆ ಮಾತು ಮುಗಿಯುವಷ್ಟರಲ್ಲಿ ತಲುಪಬಹುದು. ಶಾಲೆಗೆ ಫೋನು ಮಾಡಿದರೆ, “ಟೀಚರು ರಜಾ ಹಾಕ್ಯಾರ್ರಿ. ತಂದಿಗೆ ಆರಾಮಿಲ್ಲಂತ, ಸವದತ್ತಿಗೆ ಹೋಗ್ಯಾರ” ಎಂದರು.

ಉಳಿದದ್ದು ಒಂದು ಉಲ್ಲೇಖ.

ಅದನ್ನು ಒತ್ತಲು ಶರ್ವರಿಗೆ ಧೈರ್ಯವಾಗಲಿಲ್ಲ. ಕಣ್ಣು ಮುಚ್ಚಿ ಒತ್ತಿ, ಆಮೇಲೆ ತೆರೆದಳು.

‘ಲೀಲಾಬಾಯಿ ಬಾವಿಯ ಕಟ್ಟೆಯ ಮೇಲೆ ನಿಂತದ್ದನ್ನು ಕಂಡೆ. ಒಬ್ಬರೇ ಇದ್ದರು. ಹೇಳಿದವರು: ಹೆಸರು ಗೌಪ್ಯ.’

ಬದಲಾಗಿರಲಿಲ್ಲ. ಈ ಒಂದು ಹೆಸರನ್ನು ಮುಚ್ಚಿಡುತ್ತೇನೆಂದು ಅವಳು ಮಾತು ಕೊಟ್ಟಿದ್ದಳು. ಗೌಪ್ಯದ ಗುರುತು ಹಾಕಿದ್ದರಿಂದ ಅವಳ ಖಾತೆಯ ಹೊರತು ಯಾರಿಗೂ ಆ ಹೆಸರು ಕಾಣುತ್ತಿರಲಿಲ್ಲ. ಆದರೆ ಉಳಿದಿಬ್ಬರ ಹೆಸರು, ಊರು, ಓಣಿ ಎಲ್ಲವನ್ನೂ ಅಚ್ಚುಕಟ್ಟಾಗಿ ಜೋಡಿಸಿ ಇಟ್ಟವಳು ಅವಳೇ. ಯಾರೋ ಒಬ್ಬರು ಒಂದೊಂದೇ ಮುನ್ನೋಟ ಓದಿಕೊಂಡು, ಒಂದೊಂದೇ ಮನೆಯ ಬಾಗಿಲಿಗೆ ಹೋಗಿದ್ದರು. ದಾರಿ ತೋರಿಸಿದ್ದು ಅವಳ ಅಡಿಟಿಪ್ಪಣಿ.

ಇನ್ನೊಂದು ಬಾಗಿಲು ಉಳಿದಿತ್ತು. ರಾಮದುರ್ಗದಲ್ಲಿ.

ಅವಳು ಅನಿಕೇತನಿಗೆ ಫೋನು ಮಾಡಿದಳು.

“ಎಲ್ಲಿದ್ದೀರಿ?”

“ಯರಗಟ್ಟಿಯೊಳಗ. ಒಂದು ಕೆಲಸ ಇತ್ತು. ದನಿ ಯಾಕ ಹಿಂಗಾಗೇದ ನಿಮ್ಮದು?”

ಅವಳು ಎಲ್ಲ ಹೇಳಿದಳು. ಅನಿಕೇತ ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ಕೇಳಿದ: “ಮುದಕಪ್ಪಜ್ಜ ಏನರೆ ಮಾತಾಡಿದನೇನು?”

“ಇಲ್ಲ. ಎಚ್ಚರನಽ ಇಲ್ಲ.”

“ಅಯ್ಯೋ ಪಾಪ.” ಅವನು ನಿಟ್ಟುಸಿರು ಬಿಟ್ಟ. “ಅವ್ವನ ತಂಗಿ ಅನ್ನಿಸಿಕೊಂಡ ರಂಜನಾ ಮಾವಶಿ ಹಿಂಗ ಮಾಡ್ತಾಳ ಅಂತ ಕನಸಿನ್ಯಾಗೂ ಅನಕೊಂಡಿರಲಿಲ್ಲ. ಮೂರನೇದವರು ಯಾರು? ಹೇಳ್ರಿ, ಗಾಡಿ ನನ್ನ ಹತ್ರ ಅದ. ನಾನಽ ಹೋಗಿ ಬೈಲಹೊಂಗಲಕ್ಕ ಕರಕೊಂಡ ಬರ್ತೇನಿ.”

ಶರ್ವರಿ ತಡೆದಳು. ಕೊಟ್ಟ ಮಾತು ನಾಲಿಗೆಯ ತುದಿಯಲ್ಲಿ ಅಡ್ಡ ನಿಂತಿತು.

“ಮಾತು ಉಳಿಸಿಕೋತೀರೋ, ಜೀವ ಉಳಿಸ್ತೀರೋ?” ಎಂದ ಅನಿಕೇತ ಮೆಲ್ಲಗೆ.

“ಕೃಷ್ಣವ್ವ,” ಎಂದಳು ಶರ್ವರಿ. “ರಾಮದುರ್ಗದ ನೇಕಾರ ಓಣಿ. ಮೂಲೀ ಮನಿ.”

ಆಮೇಲೆ ಕೃಷ್ಣವ್ವನಿಗೂ ಫೋನು ಮಾಡಿದಳು. ಹಿಂದೆ ಮಗ್ಗದ ಖಟಖಟ ಸದ್ದು ಕೇಳುತ್ತಿತ್ತು. “ಆಯಿ, ನಿಮ್ಮನ್ನ ಕರಕೊಂಡ ಬರಲಿಕ್ಕೆ ಅನಿಕೇತ ಅನ್ನವರು ಬರ್ತಾರ. ಅವರ ಜೋಡಿ ಬಂದುಬಿಡ್ರಿ. ಬ್ಯಾರೆ ಯಾರು ಕರದ್ರೂ ಬಾಗಲಾ ತಗೀಬ್ಯಾಡ್ರಿ.”

“ಲೀಲಾಬಾಯಾರ ಮೊಮ್ಮಗ ಅನಿಕೇತಾ?”

“ಹೂಂ ಆಯಿ.”

ಮಗ್ಗದ ಸದ್ದು ನಿಂತಿತು.

“ಬರ್ಲಿ,” ಎಂದಳು.

*

ಸವದತ್ತಿಯ ದಾರಿಯುದ್ದಕ್ಕೂ ಶರ್ವರಿಯ ಸ್ಕೂಟರು ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ನುಸುಳಿತು. ಒಂದೊಂದರ ಹಿಂದೆ ಎರಡೆರಡು ಟ್ರಾಲಿ. ಹಿಂದಿನ ಟ್ರಾಲಿ ತೂಗಾಡುತ್ತ ಅವಳ ಕಡೆ ಬಾಗಿದಾಗಲೆಲ್ಲ ಮುದಕಪ್ಪನ ಒಡೆದ ತಲೆ ಕಣ್ಣಿಗೆ ಕಟ್ಟುತ್ತಿತ್ತು. ಬೆನ್ನ ಹಿಂದೆ ಬಂದ ಪ್ರತಿ ಗಾಡಿಯ ಹಾರ್ನಿಗೂ ಹೆಗಲು ಕುಗ್ಗುತ್ತಿತ್ತು. ಹೋಗಬಾರದು, ಪೊಲೀಸರನ್ನು ಕಾಯಬೇಕು ಎಂದು ಬುದ್ಧಿ ಹೇಳುತ್ತಿತ್ತು. ಆದರೆ ರಂಜನಾ ಸವದತ್ತಿಯಲ್ಲೇ ಇದ್ದಾಳೆ, ರಾಮದುರ್ಗಕ್ಕೆ ಹೊರಟಿಲ್ಲ ಎಂಬುದನ್ನು ಕಣ್ಣಾರೆ ಕಾಣುವ ತನಕ ಅವಳಿಗೆ ಕೂರಲಾಗುತ್ತಿರಲಿಲ್ಲ.

ವಾಡೆಯ ಹಿರೇಬಾಗಿಲನ್ನು ರಂಜನಾಳೇ ತೆರೆದಳು. ಐವತ್ತರ ಹತ್ತಿರದ, ಸಪೂರ ಹೆಂಗಸು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು.

“ಬರ್ರಿ ಶರ್ವರಿ. ಫೋನರೆ ಮಾಡಬಾರದಽ?”

ಒಳಗೆ ಬಂದ ಕೂಡಲೇ ಹಿಂದೆ ಅಗಳಿ ಬಿದ್ದ ಸದ್ದಾಯಿತು. ಶರ್ವರಿ ತಿರುಗಿ ನಿಂತಳು.

“ಅಗಳಿ ಯಾಕ ಹಾಕಿದ್ರಿ?”

“ಮಂಗ್ಯಾ ಒಳಗ ಬರ್ತಾವ,” ಎಂದಳು ರಂಜನಾ. “ಗುಡ್ಡದ ಮ್ಯಾಲಿನವೆಲ್ಲಾ ಈಗ ಊರಾಗಽ ಅವ.”

ಒಳಗಿನ ಪಡಸಾಲೆಯಲ್ಲಿ ವೆಂಕಣ್ಣ ಜೋಶಿ ಶಾಲು ಹೊದ್ದು ಒರಗುಮಣೆಗೆ ಆತು ಕೂತಿದ್ದರು. ಪುರಾಣ ಹೇಳಿ, ಸಂಸ್ಕೃತ ಕಲಿಸಿ ಸವೆದ ದನಿ. ಎದುರಿನ ವ್ಯಾಸಪೀಠದ ಮೇಲೆ ಗ್ರಂಥವಿರಲಿಲ್ಲ. ವಂಶಾವಳಿಯ ಕರಡು ಪ್ರತಿ ಇತ್ತು. ಆಕ್ಷೇಪವಿದ್ದರೆ ತಿಳಿಸಲೆಂದು ತಿಂಗಳ ಹಿಂದೆ ಶರ್ವರಿಯೇ ಕಳಿಸಿದ್ದು. ಅಡಿಟಿಪ್ಪಣಿಗಳ ಕೆಳಗೆಲ್ಲ ಕೆಂಪು ಗೆರೆ ಎಳೆದಿದ್ದರು.

ಈ ಮನೆಯಲ್ಲಿ ಅಡಿಟಿಪ್ಪಣಿಗಳನ್ನು ಹೀಗೆ ಓದುತ್ತಾರೆ.

ಕೂತುಕೊಳ್ಳದೆಯೇ ಕೇಳಿದಳು: “ಶಟ್ಟೆವ್ವನ ಮಾತು ಯಾಕ ತಿದ್ದಿದ್ರಿ, ರಂಜನಾ ಅವರ?”

“ಯಾವ ಮಾತು?”

“ಮುದಕಪ್ಪನದೂ ತಿದ್ದಿದ್ರಿ. ಇವತ್ತು ಮುಂಜಾನೆ. ಅಂವ ಈಗ ಬೆಳಗಾವಿ ದವಾಖಾನ್ಯಾಗ ಸಾಯ್ಲಿಕತ್ತಾನ.”

ವೆಂಕಣ್ಣ ಕನ್ನಡಕ ತೆಗೆದರು. ರಂಜನಾಳ ಮುಖದ ಬಣ್ಣ ಇಳಿಯಿತು. ಶರ್ವರಿ ಚೀಲದಿಂದ ಲ್ಯಾಪ್‌ಟಾಪು ಹೊರತೆಗೆದು ಬದಲಾವಣೆಯ ದಾಖಲೆಯನ್ನು ಅವಳ ಮುಖಕ್ಕೇ ಹಿಡಿದಳು.

“ನಿಮ್ಮ ಹೆಸರು ಅದ. ಓದ್ರಿ.”

“ಹೆಸರು ನಂದು, ಖರೆ.” ರಂಜನಾ ಪರದೆಯ ಹತ್ತಿರ ಬಾಗಿದಳು. “ಆದ್ರ ನಾ ಇದನ್ನ ಒಂದು ಸಲನೂ ತಗದು ನೋಡಿಲ್ಲ. ಅನಿಕೇತ ಇಲ್ಲೇ ಬಂದು, ತನ್ನ ಲ್ಯಾಪ್‌ಟಾಪಿನ್ಯಾಗ ನನ್ನ ಹೆಸರಿಲೆ ಖಾತೆ ತಗದ. ಪಾಸ್‌ವರ್ಡನೂ ಅವನಽ ಹಾಕಿದ. ಆಮ್ಯಾಲ ಕಳಸ್ತೇನಿ ಮಾವಶಿ ಅಂದಾಂವ ಕಳಸಲಿಲ್ಲ. ನಾ ಕೇಳಲೂ ಇಲ್ಲ. ಅಪ್ಪಾಗ ಈ ಕಾಗದಾನಽ ಸಾಕಾಗಿತ್ತು.”

“ಇದನ್ನ ನಾ ನಂಬಬೇಕಽ?”

“ನಂಬಬ್ಯಾಡ್ರಿ. ಇವತ್ತು ಮುಂಜಾನಿಂದ ನಾ ಇಲ್ಲೇ ಇದ್ದೇನಿ. ಅಪ್ಪಾಗ ಸಲಾಯಿನ್ ಹಚ್ಚಲಿಕ್ಕೆ ಬಂದ ಡಾಕ್ಟರನ್ನ ಕೇಳ್ರಿ. ಓಣಿ ಮಂದಿನ್ನ ಕೇಳ್ರಿ.”

ಅವಳ ಕಣ್ಣಲ್ಲಿ ಇದ್ದದ್ದು ಭಯ. ಸಿಕ್ಕಿಬಿದ್ದವರ ಭಯ ಬೇರೆ, ಇದು ಬೇರೆ ಎಂದು ಶರ್ವರಿಗೆ ಅನ್ನಿಸಿತು. ಆದರೆ ತಿದ್ದಿದವರು ಮತ್ತಾರು ಎಂದು ಕೊನೆಯ ತನಕ ಯೋಚಿಸಲು ಮನಸ್ಸು ಒಪ್ಪಲಿಲ್ಲ.

“ಹೊಸಾ ಪಾಠ ಓದ್ರಿ, ಕೇಳೋಣ,” ಎಂದರು ವೆಂಕಣ್ಣ.

ಶರ್ವರಿ ಓದಿದಳು. ಅವರು ಕರಡು ಪ್ರತಿಯ ಮೇಲೆ ಬೆರಳಿಟ್ಟು ಅಕ್ಷರ ಅಕ್ಷರ ಹೋಲಿಸಿದರು.

“ನಮ್ಮ ಮನಿತನದಾಗ ಮೂಲ ಒಮ್ಮೆ ಓದಿದ್ರ ಅದರ ಕೆಳಗಿನ ಟೀಕಾ ನಾಕು ಸಲ ಓದೋ ರೂಢಿ,” ಎಂದರು, ಓದುವುದನ್ನು ನಿಲ್ಲಿಸದೆ. “ಜ್ವರ ಇಲ್ಲ ಅನ್ನೋದು ಜ್ವರ ಇತ್ತು ಅಂತ ಆಗೇದ. ಬಾವಿ ಹೋಗೇದ. ಯಾರು ನೋಡಿದ್ರೂ ಇದನ್ನಽ ನೋಡತಾರ. ನೋಡಲಿ ಅಂತಽ ಮಾಡ್ಯಾರ. ಜ್ವರದ ಮಾತು ನಂದು. ಬೆರಳು ನನ್ನ ಕಡೆ ಆಗ್ತದ.” ಅವರು ತಲೆ ಎತ್ತಿದರು. “ಆದ್ರ ಕೊನೀ ಸಾಲು ಎಲ್ಲಿ ಹೋತು?”

“ಯಾವ ಸಾಲು, ಕಾಕಾ?”

“ಶಟ್ಟೆವ್ವನ ಟಿಪ್ಪಣಿಯ ಕೊನೀ ಸಾಲು. ನೀವಽ ಬರದದ್ದು.” ಅವರು ಕಾಗದವನ್ನು ಅವಳ ಕಡೆ ತಿರುಗಿಸಿದರು.

‘ಹುಟ್ಟಿದ ಕೂಸು ಅಳಲಿಲ್ಲ.’

ಹೌದು. ಎಲೆ ಅಗಿಯುತ್ತ ಶಟ್ಟೆವ್ವ ಹೇಳಿದ್ದಳು, ಶರ್ವರಿ ಕೇಳಿದ್ದಳು, ಬರೆದಿದ್ದಳು. ಎಷ್ಟೋ ಕೂಸು ಹುಟ್ಟಿದ ಕೂಡಲೇ ಅಳುವುದಿಲ್ಲ, ಬೆನ್ನಿಗೆ ಬಡಿದರೆ ಅಳುತ್ತವೆ ಎಂದುಕೊಂಡು ಮುಂದೆ ಹೋಗಿದ್ದಳು. ಆ ಉಲ್ಲೇಖವನ್ನು ಅವಳು ಸಾವಿಗೆ ಕಟ್ಟಿದ್ದಳು. ಅದೇ ಉಲ್ಲೇಖ ಒಂದು ಹುಟ್ಟಿಗೂ ಸೇರಬೇಕಾಗಿತ್ತೆಂದು ಹೊಳೆದಿರಲಿಲ್ಲ.

“ಮುದಕಪ್ಪನದರಾಗೂ ಒಂದು ಹೋಗೇದ,” ಎಂದು ವೆಂಕಣ್ಣ ಇನ್ನೊಂದು ಸಾಲು ತೋರಿಸಿದರು. ‘ಬಾವಿ ಮುಚ್ಚುವ ಮೊದಲು ಹಿತ್ತಲಲ್ಲಿ ಸಣ್ಣದೊಂದು ಕುಣಿ ತೋಡಿದ್ದೆ.’

ಅಳದ ಕೂಸು. ಸಣ್ಣ ಕುಣಿ.

ಶರ್ವರಿ ಗೋಡೆ ಹಿಡಿದು ಕೂತಳು. “ಲೀಲಾಬಾಯಿಯವರ ಕೂಸು…”

“ಹುಟ್ಟೋಮುಂದಽ ಹೋಗಿತ್ತು.”

“ಅಪ್ಪಾ, ಏನು ಹೇಳ್ಲಿಕತ್ತೀರಿ ನೀವು?” ರಂಜನಾ ತಂದೆಯ ಶಾಲು ಹಿಡಿದಳು. “ಹಂಗಾದ್ರ ಅಕ್ಕ? ಅನಿಕೇತನ ತಾಯಿ ಯಾರ ಮಗಳು?”

ವೆಂಕಣ್ಣ ಹಿತ್ತಲ ಬಾಗಿಲಿನ ಕಡೆ ತಿರುಗಿದರು.

“ಅಣ್ಣ ಹಾಸಿಗಿ ಹಿಡಿದಿದ್ದ. ಲೀಲಾ ವೈನಿ ಕೂಸಿನ ಮಾರಿ ತೋರಸ್ರಿ ಅಂತ ಹಟ ಹಿಡಿದಿದ್ರು. ನಮ್ಮ ದನದ ಕೊಟ್ಟಿಗಿ ಬಳಿಯೋ ಹುಡುಗಿ ಒಬ್ಬಾಕಿ ಇದ್ಲು. ಗಂಡ ಬಿಟ್ಟುಹೋಗಿದ್ದ. ಅಕಿನೂ ಅದಽ ವಾರ ಹಡದಿದ್ಲು. ನಮ್ಮವ್ವ ಆ ಕೂಸು ಇಸಕೊಂಡು ಬಂದು ವೈನಿ ಮಗ್ಗಲಿಗೆ ಹಾಕಿದ್ಲು.” ಅವರು ಕರಡು ಪ್ರತಿ ಮುಚ್ಚಿದರು. “ವೈನಿಗೆ ತಿಳಿಯಲಿಕ್ಕೆ ಭಾಳ ದಿವಸ ಬೇಕಾಗಲಿಲ್ಲ. ಹಿತ್ತಲಕ್ಕ ಹೋದ್ರು. ಹೊಸಾ ಮಣ್ಣು ಕಂಡ್ರು. ಅಲ್ಲೆ ಬಾವಿ ಇತ್ತು.”

ಮಾಡಿನ ಮೇಲೆ ಮಂಗಗಳು ದಡಬಡ ಓಡಿದವು. ಮೂವರೂ ಬೆಚ್ಚಿದರು.

“ಜ್ವರ ಅಂತ ನಾ ಹೇಳಿದ್ದು ಆ ಹುಡುಗಿ ಸಲುವಾಗಿ. ಅಕಿ ಈ ಮನಿ ಮಗಳಾಗಿ ಬೆಳದ್ಲು. ನಾನಽ ಮುಂದ ನಿಂತು ಲಗ್ನಾ ಮಾಡಿಕೊಟ್ಟೆ. ಅನಿಕೇತ ದಾವಾ ಹಾಕಿದ ಮ್ಯಾಲೂ ಈ ಮಾತು ನನ್ನ ಬಾಯಿಂದ ಬಂದಿಲ್ಲ. ಕೋರ್ಟಿನ್ಯಾಗ ಬರೋದೂ ಇಲ್ಲ. ಪಾಲು ಅಂವಂದಽ ಇತ್ತು. ಅಂವ ಸುಮ್ಮನಿದ್ದಿದ್ರ…”

ಉಳಿದದ್ದನ್ನು ಶರ್ವರಿಯೇ ಜೋಡಿಸಿಕೊಂಡಳು. ತನ್ನ ಅಜ್ಜಿಯ ಸಾವಿನ ಸತ್ಯ ಹುಡುಕಿಸಲು ಹೋದ ಅನಿಕೇತ, ಒಂದು ದಿನ ಮುನ್ನೋಟದಲ್ಲಿ ಆ ಕೊನೆಯ ಸಾಲು ಓದಿದ್ದ. ಶರ್ವರಿಗೆ ಹೊಳೆಯದ್ದು ಅವನಿಗೆ ಹೊಳೆದಿತ್ತು. ಲೀಲಾಬಾಯಿಗೆ ಮಗಳೇ ಇಲ್ಲದಿದ್ದರೆ ಅವನು ಯಾರು, ಅವನಿಗೆ ವಾಡೆಯಲ್ಲಿ ಪಾಲು ಎಲ್ಲಿಂದ?

“ಕಾಕಾ, ಆ ಕೊಟ್ಟಿಗಿ ಹುಡುಗಿ ಹೆಸರು?” ಎಂದು ಶರ್ವರಿ ಕೇಳಿದಳು. ಉತ್ತರ ಬರುವ ಮುಂಚೆಯೇ ಅವಳ ಕೈ ಫೋನು ಹುಡುಕುತ್ತಿತ್ತು.

“ಕೃಷ್ಣವ್ವ,” ಎಂದರು ವೆಂಕಣ್ಣ. “ಆಮ್ಯಾಲ ರಾಮದುರ್ಗಕ್ಕ ಹೋದ್ಲು ಅಂತ ಕೇಳಿದ್ದೆ. ಬದುಕ್ಯಾಳೋ ಇಲ್ಲೋ.”

ಹೆಸರು ಹೇಳಿಕೊಟ್ಟವಳು ಅವಳೇ. ಓಣಿ ಹೇಳಿದವಳು ಅವಳೇ. ಬಾಗಿಲು ತೆಗೆಯಿರಿ, ಅವನ ಜೊತೆ ಬನ್ನಿ ಎಂದು ಒಪ್ಪಿಸಿದವಳೂ ಅವಳೇ.

“ರಂಜನಾ ಅವರ, ಪೊಲೀಸರಿಗೆ ಫೋನ್ ಹಚ್ಚ್ರಿ! ಅನಿಕೇತನ ಗಾಡಿ ನಂಬರ್ ಹೇಳ್ರಿ!” ಎನ್ನುತ್ತಲೇ ಅವಳು ಕೃಷ್ಣವ್ವನ ನಂಬರು ಒತ್ತಿದಳು. ಬೆರಳು ಜಾರಿ ಒಮ್ಮೆ ತಪ್ಪಿತು. ಮತ್ತೊಮ್ಮೆ ಒತ್ತಿದಳು. ರಿಂಗಾಯಿತು. ರಿಂಗಾಗುತ್ತಲೇ ಇತ್ತು.

“ಹೇಳ ಯವ್ವಾ.”

“ಆಯಿ! ಎಲ್ಲಿದ್ದೀರಿ?”

“ಗಾಡ್ಯಾಗ ಅದೇನಿ. ಒಳಗ ತಂಪ ಐತಿ. ಡ್ಯಾಮ್ ನೋಡೀಯೇನ ಆಯಿ ಅಂತ ಕೇಳಿದ. ಇಲ್ಲ ಅಂದೆ. ತೋರಸ್ತೇನಿ ನಡಿ ಅಂದ.”

“ಅಂವ ಮಗ್ಗಲಕ ಇದ್ದಾನೇನು?”

“ಇಲ್ಲ, ಇಳದಾನ. ಅಂಗಡ್ಯಾಗ ನೀರಿನ ಬಾಟ್ಲಿ ತಗೊಳ್ಳಾಕತ್ತಾನ. ನನಗ ನೀರಡಿಕಿ ಆಗೈತಿ ಅಂದೆ.”

“ಆಯಿ, ಈಗಿಂದೀಗ ಗಾಡಿ ಇಳೀರಿ. ಅಂಗಡ್ಯಾಗ ಮಂದಿ ಇದ್ರ ಅವರ ನಡುವ ಹೋಗಿ ನಿಂದರ್ರಿ. ಶಟ್ಟೆವ್ವ ಏಣಿಯಿಂದ ಬೀಳಲಿಲ್ಲ, ಆಯಿ. ಮುದಕಪ್ಪನ್ನೂ ಇವನಽ…”

“ಗೊತ್ತೈತಿ.”

ಶರ್ವರಿ ಫೋನನ್ನು ಕಿವಿಗೆ ಇನ್ನೂ ಒತ್ತಿಕೊಂಡಳು.

“ಶಟ್ಟೆವ್ವನ ಮಣ್ಣಿಗೆ ನಾ ಹೋಗಿದ್ನೆವ್ವಾ,” ಎಂದಳು ಕೃಷ್ಣವ್ವ. ದನಿ ತಗ್ಗಿತ್ತು, ನಡುಗಿರಲಿಲ್ಲ. “ಇಂವಾ ಬಂದಿದ್ದ. ಎಲ್ಲಾರೂ ಹೆಣದ ಮಾರಿ ನೋಡಿದ್ರ ಇಂವ ನೆಲಾ ನೋಡಕೊಂತ ನಿಂತಿದ್ದ. ಕೈ ಹಿಂಗ ನಡಗತಿದ್ದೂ. ಅವತ್ತಽ ನನಗ ತಿಳೀತು.”

“ಹಂಗಾದ್ರ ಯಾಕ ಹತ್ತಿದ್ರಿ ಗಾಡಿ? ಯಾಕ ಬಾಗಲಾ ತಗದ್ರಿ?”

“ಮೂರ ದಿನದ ಕೂಸ ಕೊಟ್ಟ ಬಂದಾಕಿ ನಾನು. ಆಮ್ಯಾಲ ಅಕಿ ಮಾರಿನೂ ನೋಡಲಿಲ್ಲ. ಅಕಿ ಹೊಟ್ಟ್ಯಾಗ ಹುಟ್ಟಿದಾಂವ ಇಂವ. ಯಾರ ಕೊರಳಿಗೆ ಕೈ ಹಾಕಾಕ ಹೊಂಟಾನ ಅಂತ ಇವಗ ಒಬ್ಬರರೆ ಹೇಳಬೇಕಲ್ಲ, ತಂಗಿ. ಇನ್ನ ಯಾರ ಉಳದಾರ ಹೇಳಾಕ?”

“ಅಂವ ಕೇಳಾಂಗಿಲ್ಲ, ಆಯಿ! ನಿಮ್ಮ ಮಾತು ನಂಬಾಂಗಿಲ್ಲ! ಇಳೀರಿ, ನಿಮ್ಮ ಕಾಲಿಗೆ ಬೀಳತೇನಿ…”

ಗಾಡಿಯ ಬಾಗಿಲು ತೆರೆದ ಸದ್ದು ಕೇಳಿತು. ಹೊರಗಿನ ಗಾಳಿ ಒಳಗೆ ನುಗ್ಗಿತು. ಫೋನಿಗೆ ಬಹಳ ಹತ್ತಿರ, ಅನಿಕೇತನ ಮೆತ್ತಗಿನ ದನಿ:

“ಯಾರ ಫೋನು, ಆಯಿ?”

ಶರ್ವರಿ ಬಾಯಿಗೆ ಕೈ ಒತ್ತಿಕೊಂಡಳು.

“ಯಾರಿಲ್ಲಪಾ,” ಎಂದಳು ಕೃಷ್ಣವ್ವ. “ಡ್ಯಾಮಿನ್ಯಾಗ ನೀರ ತುಂಬೈತಿ ಅಂದ್ಯಲ್ಲ, ತೋರಸ ನಡಿ.”